ಅತ್ತೆಯ ಕಾಲು ಮತ್ತು ಆರೋಗ್ಯ ಖಾತೆ

ಇವತ್ತು ಬೆಳಿಗ್ಗೆ ನೋಯುತ್ತಿದ್ದ ಭುಜಕ್ಕೆ, ಅತ್ತೆ ಯಾವ ನೋವಿಗೂ ಹಚ್ಚುತ್ತಿದ್ದ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಆ ವಾಸನೆಗೆ ಅವರೇ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಕೊರೊನಾ ಶುರುವಾಗುವ ಮುಂಚೆ ಮೊಮ್ಮಗಳನ್ನು ನೋಡಲು ಮೈಸೂರಿನಿಂದ ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ಗೆ ಬಂದಿದ್ದವರು, ವಿಮಾನಗಳು ನಿಂತು ನಮ್ಮಲ್ಲೇ ಸಿಕ್ಕಿಕೊಂಡರು. ನಿವೃತ್ತ ಹೈಸ್ಕೂಲ್ ಟೀಚರ್. ಅಲ್ಲಿಯ ಮನೆಯಲ್ಲಿ ಆರೋಗ್ಯ ಖಾತೆ ಅವರದೇ. ಯಾರ ಬಿಪಿ ಮಾತ್ರೆ ಮುಗಿಯಿತು, ಯಾರು ಕದ್ದು ಮೈಸೂರ್‌ಪಾಕ್ ತಿಂದರು, ಎಲ್ಲ ಗೊತ್ತಿರುತ್ತಿತ್ತು. ಇಲ್ಲಿ ಆ ಖಾತೆ ನನ್ನ ತಲೆಗೆ ಬಿದ್ದಿತ್ತು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರ್ಷಗಟ್ಟಲೆ ಊರವರ ಸುದ್ದಿ ತಿದ್ದಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಈ ದೇಶದಲ್ಲಿ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗುವ ಹಾಗಿಲ್ಲ, ನಿಮಗೂ ಗೊತ್ತಿರಬಹುದು. ಮೊದಲು ಮನೆವೈದ್ಯರು, ಇಲ್ಲಿಯವರ ಬಾಯಲ್ಲಿ ಹೌಸಾರ್ಟ್ಸ್. ಅವರಿಗೂ ಮೊದಲು ಫೋನೆತ್ತುವ ಸಹಾಯಕಿ. ಆಗಂತೂ ಆಕೆ ಒಪ್ಪದೆ ಬಾಗಿಲೇ ತೆರೆಯುತ್ತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗಾಯವಾಗಿ, ಪಾದ ಕೆಂಪಗೆ ಊದಿಕೊಂಡಿತು. ನಾನು ವಿವರಿಸಿದ್ದನ್ನೆಲ್ಲ ಕೇಳಿದ ಮೇಲೂ ಸಹಾಯಕಿ, ರೋಗಿಯ ಬಾಯಿಂದಲೇ ಕೇಳಬೇಕು ಅಂದಳು. ಫೋನು ಕೊಟ್ಟೆ.

"ನಥಿಂಗ್ ಅಮ್ಮಾ, ಐ ಆಮ್ ಫೈನ್. ಜಸ್ಟ್ ಎ ಸ್ಮಾಲ್ ಶೂ ಬೈಟ್. ಯೂ ಟೇಕ್ ಕೇರ್," ಅಂದರು ಅತ್ತೆ.

ಡಚ್ಚರು ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಜನ. ಪ್ಯಾರಸಿಟಮಾಲ್, ವಿಶ್ರಾಂತಿ, ಹೆಚ್ಚಾದರೆ ಮತ್ತೆ ಫೋನ್ ಮಾಡಿ. ಮುಗಿಯಿತು.

"ಏನತ್ತೆ ಇದು! ಊದಿದೆ ಅಂತಾದ್ರೂ ಹೇಳ್ಬಾರ್ದಾ?"

"ಪಾಪ, ಬೆಳಿಗ್ಗೆಯಿಂದ ಎಷ್ಟು ಜನರ ಗೋಳು ಕೇಳಿದಾಳೋ. ಮಧ್ಯದಲ್ಲಿ ನಂದೂ ಒಂದಾ?"

"ಗೋಳು ಕೇಳೋದೇ ಅವಳ ಕೆಲ್ಸ!"

"ನಮ್ಮ ಡಾಕ್ಟ್ರಾದ್ರೆ ಮುಖ ನೋಡಿದ್ರೇ ತಿಳ್ಕೊಳ್ತಾರಮ್ಮ."

ಮಹಡಿಯಿಂದ ನನ್ನ ಗಂಡನ ದನಿ: "ಮೀಟಿಂಗಲ್ಲಿದೀನಿ, ಸ್ವಲ್ಪ ಮೆಲ್ಲಗೆ!"

ಮರುದಿನ ಕೆಂಪು ಕಣಕಾಲು ದಾಟಿತ್ತು, ಜ್ವರವೂ ಇತ್ತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಅಣ್ಣ ಹೀಗೇ ಪಾದ ಕಳೆದುಕೊಂಡಿದ್ದರು. ಹೊಸದಾಗಿ ಸೇರಿದ ವರದಿಗಾರರಿಗೆ ಹೇಳುವಂತೆ, ಮುಖ್ಯ ಸುದ್ದಿ ಮೊದಲ ವಾಕ್ಯದಲ್ಲೇ ಬರಬೇಕು ಎಂದು ಅವರಿಗೆ ಪಾಠ ಮಾಡಿದೆ. ವಿಧೇಯರಾಗಿ ತಲೆಯಾಡಿಸಿದರು. ಸಹಾಯಕಿಯ ಲೈನ್ ಸಿಕ್ಕಿದ್ದೇ ಫೋನು ಅವರ ಕೈಗಿಟ್ಟೆ.

"ಗುಡ್ ಮಾರ್ನಿಂಗ್ ಅಮ್ಮಾ, ಹ್ಯಾಡ್ ಯುವರ್ ಕಾಫಿ?"

ನನ್ನ ಸಹನೆ ಅಲ್ಲಿಗೆ ಮುಗಿಯಿತು. "ಅತ್ತೆ, ಇದು ನಿಮ್ಮ ಮಗನ ಕಾಲಾಗಿದ್ರೆ ಏನು ಹೇಳ್ತಿದ್ರಿ?"

ಅವರ ಮುಖವೇ ಬದಲಾಯಿತು. ಗಾಯ ಯಾವತ್ತು ಆಯಿತು, ಕೆಂಪು ಎಲ್ಲಿಯವರೆಗೆ ಏರಿದೆ, ಮುಟ್ಟಿದರೆ ಎಷ್ಟು ಬಿಸಿ, ಜ್ವರ, ಸಕ್ಕರೆ, ನುಂಗುತ್ತಿರುವ ಮಾತ್ರೆಗಳು, ಎಲ್ಲ ಹೇಳಿದರು. ಒಂದು ಪದವನ್ನೂ ಹೊಡೆದುಹಾಕುವಂತಿರಲಿಲ್ಲ. ನನ್ನ ಡೆಸ್ಕಿಗೆ ಅಂಥ ವರದಿ ಯಾರೂ ಕೊಟ್ಟಿರಲಿಲ್ಲ. "ಈಗಲೇ ಬನ್ನಿ," ಅಂದಳು ಸಹಾಯಕಿ. ಕಾಲು ಉಳಿಯಿತು.

ಅತ್ತೆ ಮೈಸೂರಿಗೆ ಮರಳಿ ಬಹಳ ದಿನವಾಯಿತು. ಖಾತೆ ಮಾತ್ರ ನನ್ನಲ್ಲೇ ಇದೆ. ಗಂಡನ ಅಲರ್ಜಿ, ಮಗಳ ಲಸಿಕೆ, ಯಾವುದನ್ನು ಕೇಳಿದರೂ ಥಟ್ಟನೆ ಹೇಳಬಲ್ಲೆ. ಇವತ್ತು ನನ್ನ ಭುಜಕ್ಕಾಗಿ ಮನೆವೈದ್ಯರಲ್ಲಿಗೆ ಫೋನ್ ಹಚ್ಚಿದವಳು, "ಅಷ್ಟೇನಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಕಂಡು ತಟ್ಟನೆ ಕಟ್ ಮಾಡಿ, ನನ್ನ ಪರವಾಗಿ ನೀನೇ ಹೇಳು ಎಂದು ಫೋನನ್ನು ಗಂಡನ ಕೈಗಿಟ್ಟೆ.

"ಏನಂತ ಹೇಳ್ಲಿ?" ಅಂದ.

"ಯಾವ ಭುಜ ಅಂತಾದ್ರೂ ಗೊತ್ತಾ?"

ಎರಡನ್ನೂ ನೋಡಿದ. ಅವನ ಲ್ಯಾಪ್‌ಟಾಪ್ ಮುಚ್ಚಿಸಿ, ಎದುರು ಕೂರಿಸಿ, ಮೊದಲಿನಿಂದ ಹೇಳತೊಡಗಿದೆ.