ಅಟ್ಟದ ಮೇಲಿನ ಚೀಲಗಳು

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೂ ತೆಗೆದೂ ಆ ಚರ್ಮ ಹಬೆಯಲ್ಲಿ ಬೆಂದು, ನುಣ್ಣಗೆ ಕೆಂಪಾಗಿ ಹೊಳೆಯುತ್ತಿತ್ತು. ಡೆಲ್ಲಿಯ ಮಯೂರ್ ವಿಹಾರದಲ್ಲಿ ನಮ್ಮ ಮನೆಯ ಹಿಂದೆಯೇ ಅವರ ಹೋಟೆಲು. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತ. ಊರಿನ ಮಾತು ಕೇಳಬೇಕೆನಿಸಿದಾಗೆಲ್ಲ ನನ್ನನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹೋಟೆಲಿನ ಯಜಮಾನರು ನನಗೆ ಹೋಟೆಲ್ ಮಾಮ. ನಾನು ಹಿಂದಿಯಲ್ಲಿ ಚಟ್ನಿ ಕೇಳಿದರೆ ಕೇಳಿಸದವರಂತೆ ನಿಲ್ಲುತ್ತಿದ್ದರು, ಕನ್ನಡದಲ್ಲಿ ಕೇಳಿದರೆ ಎರಡು ಸೌಟು. ನನ್ನ ಬಾಯಲ್ಲಿ ಕನ್ನಡ ಉಳಿದದ್ದು ಆ ಚಟ್ನಿಯ ಆಸೆಗೆ.

ಓದು ಮುಗಿಸಿ ನಾನು ಗ್ರೇಟರ್ ನೋಯ್ಡಾದ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದೆ. ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ಚೀಲಗಳ ಕಾರ್ಖಾನೆ. 'ಮಣ್ಣಿಗೆ ಮರಳುತ್ತೇನೆ' ಎಂದು ಚೀಲದ ಮೇಲೆ ಹಸಿರು ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದೆವು. ಯಾವಾಗ ಮರಳಬೇಕೆಂದು ಚೀಲಕ್ಕೆ ಕಲಿಸುವುದು ಮಾತ್ರ ನಮಗಿನ್ನೂ ಬಂದಿರಲಿಲ್ಲ. ಹಳೆಯ ಪ್ಲಾಸ್ಟಿಕ್ ನಿಷೇಧವಾದಾಗ ಮಾಮ ನಮ್ಮದು ಬಿಟ್ಟು ಬೇರೆ ಯಾರ ಚೀಲವನ್ನೂ ಮುಟ್ಟಲಿಲ್ಲ. ಮಕ್ಕಳಿಲ್ಲದ ಮನುಷ್ಯ, ಸಾಂಬಾರು ಕಟ್ಟಿಕೊಡುವಾಗ ಗಿರಾಕಿಗಳಿಗೆಲ್ಲ "ಹಮಾರೀ ಬೇಟೀ ನೇ ಬನಾಯಾ", ನಮ್ಮ ಮಗಳು ಮಾಡಿದ್ದು, ಎನ್ನುತ್ತಿದ್ದರು. ನನಗೆ ನಾಚಿಕೆ, ಒಳಗೊಳಗೇ ಹಿಗ್ಗು.

ಚೀಲದ ಕಟ್ಟಿನ ಮೇಲೆ 'ತೇವದಿಂದ ದೂರವಿಡಿ' ಎಂದಿತ್ತು. ಅವರು ಚಾಚೂ ತಪ್ಪದೆ ಪಾಲಿಸಿದರು. ಕರಾವಳಿಯ ಅವರ ಮನೆಯಲ್ಲಿ ಮಳೆಗಾಲಕ್ಕೆ ಹಪ್ಪಳ, ಬೆಲ್ಲ, ಬೀಜದ ಭತ್ತ ಎಲ್ಲವೂ ಒಲೆಯ ಮೇಲಿನ ಅಟ್ಟ ಸೇರುತ್ತಿದ್ದವಂತೆ. ಇಲ್ಲಿಯೂ ಚೀಲದ ಕಟ್ಟುಗಳನ್ನು ಒಲೆಯ ಮೇಲಿನ ಅಟ್ಟದಲ್ಲೇ ಇಟ್ಟರು. ಊರಿನ ಒಲೆಯಿಂದ ಏಳುತ್ತಿದ್ದುದು ಕಟ್ಟಿಗೆಯ ಒಣ ಹೊಗೆ. ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಡ್ಲಿಯ ಹಬೆ. ಆವಿ ಒಳಹೊಕ್ಕು ಇಂಥ ಪ್ಲಾಸ್ಟಿಕ್ಕಿನ ಅಣುಗಳ ಉದ್ದನೆಯ ಎಳೆಗಳನ್ನು ತುಂಡರಿಸುತ್ತದೆ, ಬಿಸಿ ಸೇರಿದರೆ ಇನ್ನೂ ಬೇಗ. ಹೊರಗೆ ಏನೂ ಕಾಣಿಸುವುದಿಲ್ಲ.

ಶ್ರಾವಣದ ಒಂದು ಬೆಳಗ್ಗೆ, ಪಾರ್ಸೆಲ್ ಒಯ್ಯುವ ಭಯ್ಯಾನ ಕೈಗೆ ಚೀಲ ಕೊಡುವಾಗ ತಳ ಕಿತ್ತುಹೋಯಿತು. ಕುದಿಯುವ ಸಾಂಬಾರು ಮಾಮನ ಎಡಗಾಲ ಮೇಲೆ ಸುರಿಯಿತು. ಸಕ್ಕರೆ ಕಾಯಿಲೆಯ ಕಾಲು. ಗಾಯ ಮಾಯಲಿಲ್ಲ, ಕಪ್ಪಾಯಿತು. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಹರಿದ ಚೀಲವನ್ನು ನಾನು ಕೈಗೆತ್ತಿಕೊಂಡರೆ ಹಪ್ಪಳದಂತೆ ಪುಡಿಯಾಯಿತು.

"ಅಟ್ಟದಲ್ಲಿ ಇಡಬಾರದಿತ್ತು ಮಾಮ" ಎಂದೆ, ಅಳುತ್ತಲೇ.

"ಮತ್ತೆ ಎಲ್ಲಿ ಇಡುದು ಮಾರಾಯ್ತಿ? ಹೋಟೆಲಿನಲ್ಲಿ ಹಬೆ ಇಲ್ಲದ ಜಾಗ ಉಂಟಾ? ಅಲ್ಲಿ ಇಟ್ಟರೂ ಬಾಳುವಂಥದ್ದು ಮಾಡು."

ನಮ್ಮ ಕಾರ್ಖಾನೆಯ ಮ್ಯಾನೇಜರನದು ಒಂದೇ ಮಾತು: ಗಿರಾಕಿ ಸರಿಯಾಗಿ ಇಡಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಹೊಸ ಚೀಲ ಮಾಡಲು ನಾನೇ ಕುಳಿತೆ. ಎಳೆ ತುಂಡಾದಾಗ ಹುಟ್ಟುವ ಆಮ್ಲ ಪಕ್ಕದ ಎಳೆಯನ್ನೂ ಕತ್ತರಿಸುತ್ತದೆ. ಆ ಆಮ್ಲವನ್ನು ಹಿಡಿದಿಡುವ ವಸ್ತುವನ್ನು ಹದವಾಗಿ ಬೆರೆಸಬೇಕು. ಹೆಚ್ಚಾದರೆ ಚೀಲ ಮಣ್ಣಲ್ಲೂ ಕರಗಲು ತಡಮಾಡುತ್ತದೆ. ಪ್ರತಿ ಹದದ ಚೀಲವನ್ನೂ ಮಾಮ ತಮ್ಮ ಅಟ್ಟಕ್ಕೇ ಹಾಕಿಸಿದರು. ಕೆಲವು ವಾರ ಕಳೆದ ಮೇಲೆ ಇಳಿಸಿಕೊಂಡು, ಸ್ಟೂಲಿನ ಮೇಲೆ ಕುಳಿತೇ ಎಳೆದು ನೋಡಿ, "ಇಲ್ಲ, ಇದೂ ಆಗ್ಲಿಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಕತ್ತರಿಸಿದ ಕಾಲಿನ ನಂಜು ಮೇಲೇರುತ್ತಿತ್ತು. ಡೆಲ್ಲಿಯ ಚಳಿ ಮುಗಿಯುವ ಮೊದಲೇ ಹೋಗಿಬಿಟ್ಟರು.

ಅವರು ಅಟ್ಟಕ್ಕೆ ಹಾಕಿಸಿದ್ದ ಕೊನೆಯ ಕಟ್ಟನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಮಾಮನ ಹೆಂಡತಿ, ಅತ್ತೆಯೇ ಇಳಿಸಿದರು. ಒಂದು ಚೀಲಕ್ಕೆ ಕುದಿಯುವ ಸಾಂಬಾರು ತುಂಬಿ ಬಾನಿಯ ಮೇಲೆ ಎತ್ತಿ ಹಿಡಿದರು. ಬಹಳ ಹೊತ್ತು ಇಳಿಸಲಿಲ್ಲ. ಚೀಲ ಒಡೆಯಲಿಲ್ಲ.

"ಇದನ್ನು ಮೊದಲೇ ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?" ಎಂದು ಕೇಳಿದರು.

ಆಗುತ್ತಿತ್ತು. ಆಮ್ಲ ಹಿಡಿದಿಡುವ ಆ ವಸ್ತು ಆಗಲೂ ಸಿಗುತ್ತಿತ್ತು. ಏಸಿ ಕೋಣೆಯಲ್ಲಿ ಚೀಲ ಎಳೆದು ನೋಡುತ್ತಿದ್ದ ನಮಗೆ ಅದು ಬೇಕೆಂದು ತಿಳಿಯಲು ಅವರ ಕಾಲು ಹೋಗಬೇಕಾಯಿತು.