ಅಕ್ಕನ ಅರ್ಜಿಯ ಮೇಲೆ ಕಾಫಿ ಲೋಟ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಮದ್ದೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಓದುತ್ತಿದ್ದೆ. ನಮಗೆ ಪಾಠ ಹೇಳುತ್ತಿದ್ದವಳು ನನ್ನ ಸ್ವಂತ ಅಕ್ಕ. ಅಪ್ಪನಿಗೆ ಕಣ್ಣು ಕಾಣದಾಗಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಅವಳ ಸಂಬಳದಿಂದಲೇ.

ಪಕ್ಕದ ಗಂಡುಮಕ್ಕಳ ಸ್ಕೂಲಿನ ಮೇಷ್ಟ್ರು ಅಕ್ಕನ ಜೊತೆಗೇ ಪರೀಕ್ಷೆ ಪಾಸು ಮಾಡಿದವರು. ಅವರಿಗೆ ಎರಡು ತರಗತಿ, ಇಪ್ಪತ್ತೈದು ರೂಪಾಯಿ. ಅಕ್ಕನಿಗೆ ನಾಲ್ಕು ತರಗತಿ, ಹದಿನೆಂಟು ರೂಪಾಯಿ. ಮಧ್ಯಾಹ್ನ ಮೇಷ್ಟ್ರ ಗೊರಕೆ ಗೋಡೆ ದಾಟಿ ನಮ್ಮ ಮಗ್ಗಿಯ ನಡುವೆ ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಮ ಸಂಬಳ ಕೊಡಿ ಎಂದು ಅಕ್ಕ ಅರ್ಜಿ ಬರೆದಳು. ಒಂದಕ್ಷರ ತಪ್ಪಿದರೂ ಹೊಸ ಹಾಳೆ ತೆಗೆದಳು. ಅದು ಈಡೇರಿದರೆ ನನ್ನನ್ನು ಮಂಡ್ಯದ ಹೈಸ್ಕೂಲಿಗೆ ಸೇರಿಸುವುದಾಗಿ ಮಾತು ಕೊಟ್ಟಿದ್ದಳು. ನಾನು ಆಗಲೇ ಮನಸ್ಸಿನಲ್ಲಿ ರೈಲು ಹತ್ತಿ ನಡುವಿನ ಹನಕೆರೆ ಸ್ಟೇಷನ್ನನ್ನೂ ದಾಟಿಬಿಟ್ಟಿದ್ದೆ.

ಸ್ಕೂಲು ತನಿಖೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರೆ ತಿಂಡಿ ಕೊಡುವುದು ಆಗಿನ ಪದ್ಧತಿ. ಆ ವರ್ಷ ಅವರು ಬಂದಾಗ ಎರಡೂ ಸ್ಕೂಲಿನ ಪರವಾಗಿ ಅಕ್ಕನೇ ಮಾಡಬೇಕೆಂದು ಮೇಷ್ಟ್ರು ತೀರ್ಮಾನಿಸಿದರು. ಹೆಂಗಸಲ್ಲವೇ! ರವೆ ನಮ್ಮದು, ತುಪ್ಪ ನಮ್ಮದು, ಸಾಹೇಬರ ಪಕ್ಕ ಕೂತು ಹರಟಿದ್ದು ಮೇಷ್ಟ್ರು. ಅಕ್ಕ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಉಪ್ಪಿಟ್ಟು ಕೆದಕಿ ಬಡಿಸಿದಳು. ಅರ್ಜಿಯನ್ನು ಸಾಹೇಬರ ಮುಂದೆ ಮೇಜಿನ ಮೇಲಿಟ್ಟು, ಕಾಫಿ ತರಲು ನನ್ನನ್ನು ಕರೆದಳು.

ಸರ್ಕಾರಿ ಮೇಜಿನ ಮೇಲೆ ಕಲೆ ಕೂರಬಾರದು, ಬಿಸಿ ಲೋಟದ ಕೆಳಗೆ ಕಾಗದವಿಡು ಎಂದು ಅವಳೇ ನನಗೆ ಕಲಿಸಿದ್ದಳು. ಹಿತ್ತಾಳೆ ಲೋಟ ಬೆರಳು ಸುಡುತ್ತಿತ್ತು. ಎದುರಿಗೆ ಕಂಡ ಕಾಗದದ ಮೇಲೆ ಇಟ್ಟುಬಿಟ್ಟೆ. ಕಾಫಿ ತುಳುಕಿತು.

ಸಾಹೇಬರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಆಮೇಲೆ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ, ಮೇಲೆ ಮೇಲೆ ಕಣ್ಣಾಡಿಸಿ, "ಕಲೆ ಬಿದ್ದ ಅರ್ಜೀನ ಮೇಲಕ್ಕೆ ಕಳಿಸೋಕಾಗಲ್ಲಮ್ಮ. ಮುಂದಿನ ವರ್ಷ ಶುದ್ಧವಾಗಿ ಬರೆದುಕೊಡಿ. ಅಷ್ಟರಲ್ಲಿ ಮದುವೆಯಾದ್ರೆ ಸಂಬಳದ ಯೋಚನೇನೇ ಇರಲ್ಲ" ಎಂದರು. ಮೇಷ್ಟ್ರು ನಕ್ಕರು.

ಮನೆ ಸೇರುವ ತನಕ ನಾನು ಅತ್ತೆ. ಅಕ್ಕ ಬಿರಬಿರನೆ ನಡೆಯುತ್ತಲೇ ಇದ್ದಳು.

"ಅಳ್ಬೇಡ ಬುಡು. ಕಲೆ ಇಲ್ದಿದ್ರೆ ಕಾಗುಣಿತ ತಪ್ಪು ಅಂತಿದ್ರು. ಕೊಡೋ ಮನ್ಸಿಲ್ದೋರಿಗೆ ನೆಪಕ್ಕೇನು ಬರ ಕಣೆ."

ಮುಂದಿನ ವರ್ಷವೂ ಬರೆದಳು, ಅದರ ಮುಂದಿನ ವರ್ಷವೂ ಬರೆದಳು. ಉತ್ತರ ಬರಲಿಲ್ಲ. ನಾನು ಹೈಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ. ಅದು ನನ್ನ ಲೋಟದಿಂದಲೇ ತಪ್ಪಿತೇನೋ ಎಂಬ ಸಂಕಟ ಎಷ್ಟೋ ವರ್ಷ ಇತ್ತು.

ನೀವೀಗ ದಿನಾ ಬಸ್ಸಿನಲ್ಲಿ ಮಂಡ್ಯದ ಸ್ಕೂಲಿಗೆ ಹೋಗುತ್ತೀರಿ. ನಿಮ್ಮ ಮಿಸ್ಸಿಗೂ ಸರ್‌ಗೂ ಒಂದೇ ಸಂಬಳ ಎಂದು ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ಮೊನ್ನೆ ಯಾರೋ ದೊಡ್ಡ ಅಧಿಕಾರಿ ಬಂದಾಗ ಸರ್ ಪಕ್ಕದಲ್ಲಿ ಕೂತಿದ್ದರು, ಮಿಸ್ಸು ಕಾಫಿ ತಂದುಕೊಟ್ಟರು ಅಂದಿರಲ್ಲ, ಅದು ನನಗೆ ಹಿಡಿಸಲಿಲ್ಲ. ಮುಂದಿನ ಸಲ ಕಾಫಿ ಸರ್ ತರಲಿ. ಅಜ್ಜಿ ಹೇಳಿದ್ದಾಳೆ ಅಂತಲೇ ಹೇಳಿ.