ಹೂವು ಒಪ್ಪದ ಹಕ್ಕಿ

ನಾನು ಚಿಕ್ಕವನಿದ್ದಾಗ ಅಮೆರಿಕದ ಮಿಲ್ಪಿಟಾಸ್‌ನಲ್ಲಿದ್ದ ನಮ್ಮ ಟೌನ್‌ಹೌಸಿನ ಹಿತ್ತಲಲ್ಲಿ ಬಾಳೆಯಂತೆ ಕಾಣುವ, ಆದರೆ ಬಾಳೆಯಲ್ಲದ ಎರಡು ಗಿಡಗಳಿದ್ದವು. ಅಕ್ಕ ಕಾಲೇಜಿನಲ್ಲಿ ಉಷ್ಣವಲಯದ ಮಳೆಕಾಡುಗಳ ಬಗ್ಗೆ ಓದುತ್ತಿದ್ದಳು. ಕಾಯಿ ಕಟ್ಟಿಸಿ ನೋಡಬೇಕೆಂದು ಅವಳೇ ಕುಂಡದಲ್ಲಿ ತಂದಿಟ್ಟ ಹೆಲಿಕೋನಿಯಾ ಗಿಡಗಳು ಅವು. ಕೆಂಪು ದೋಣಿಯಂಥ ಎಲೆಗಳ ನಡುವಿನಿಂದ ಹಳದಿ ಹೂವು ಇಣುಕುತ್ತಿತ್ತು. ಬೆಳಿಗ್ಗೆ ಅರಳಿದ್ದು ಸಂಜೆಗೆಲ್ಲ ಉದುರಿಬಿಡುತ್ತಿತ್ತು. ಅದುವರೆಗೆ ಒಂದೂ ಕಾಯಾಗಿರಲಿಲ್ಲ.

ಒಂದು ಶನಿವಾರ ಎರಡೂ ಗಿಡಗಳಲ್ಲಿ ಆ ವರ್ಷದ ಕೊನೆಯ ಹೂವುಗಳು ಅರಳಿದವು. ಒದ್ದೆ ಮಣ್ಣಿನ ವಾಸನೆ, ಬೇಲಿಯಾಚೆ ಫ್ರೀವೇಯ ಮೊರೆತ. ಅಷ್ಟರಲ್ಲಿ ಪಕ್ಕದ ಮನೆಯ ಮರದಿಂದ ಹಸಿರು ಹಮ್ಮಿಂಗ್‌ಬರ್ಡೊಂದು ಜುಯ್ಯೆಂದು ಬಂದು ಹೂವಿಗೆ ಕೊಕ್ಕಿಟ್ಟಿತು. ನಾನು ಕುಣಿದಾಡಿದೆ. "ಅಕ್ಕಾ, ಬರ್ಡು ಬಂತು! ಈಗ ಕಾಯಾಗತ್ತೆ!"

ಅಕ್ಕನ ಮುಖ ಅರಳಲಿಲ್ಲ. "ಇಲ್ಲ ಕಣೋ. ಇದರ ಕೊಕ್ಕು ಗಿಡ್ಡ, ನೆಟ್ಟಗಿದೆ. ಈ ಹೂವು ಆಳ, ಬಾಗಿದೆ. ಇದಕ್ಕೆ ತಳದ ಜೇನು ಸಿಗಲ್ಲ. ಈ ಗಿಡ ಬೆಳೆಯೋ ಮಳೆಕಾಡಲ್ಲಿ ಉದ್ದ, ಬಾಗಿದ ಕೊಕ್ಕಿನ ಹಕ್ಕೀನೇ ಬೇರೆ ಇದೆ."

"ಹಾಗಾದ್ರೆ ನೀನೇ ಬ್ರಷ್‌ನಲ್ಲಿ ಪೌಡರ್ ಹಚ್ಚು."

"ಇಷ್ಟು ದಿನ ಅದನ್ನೇ ತಾನೆ ಮಾಡಿದ್ದು? ಪರಾಗ ಹಚ್ಚಿದ್ರೂ ಹೂವು ತಗೊಳ್ತಿಲ್ಲ."

"ಬಟ್ ವೈ?" ಎಂದೆ. ಹಕ್ಕಿ ಮಾಡುವ ಕೆಲಸವನ್ನೇ ಅಕ್ಕ ಮಾಡಿದ್ದಳಲ್ಲ! ನನಗೆ ತಲೆಬುಡ ಅರ್ಥವಾಗಲಿಲ್ಲ. ಅಕ್ಕ ಕುಂಡದ ಪಕ್ಕ ಕೂತು ಹೂವಿನೊಳಗೆ ಇಣುಕಿದಳು. "ಉದ್ದ ಕೊಕ್ಕಿನ ಹಕ್ಕಿ ಪರಾಗ ಹಚ್ಚೋದಷ್ಟೇ ಅಲ್ಲ, ತಳದ ಜೇನನ್ನೆಲ್ಲ ಹೀರತ್ತಲ್ಲ!" ಎಂದು ತಟ್ಟನೆ ಎದ್ದು, ಕೂದಲೆಳೆಯಷ್ಟು ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಕೊಕ್ಕಿನಂತೆ ಬಗ್ಗಿಸಿ ತಂದಳು.

ನಾನು ಉಸಿರು ಬಿಗಿಹಿಡಿದು ಹೂವನ್ನು ಹಿಡಿದುಕೊಂಡೆ. ಅಕ್ಕ ನಳಿಕೆಯನ್ನು ತಳದವರೆಗೂ ಇಳಿಸಿ ಮಕರಂದವನ್ನೆಲ್ಲ ಎಳೆದಳು. ನಂತರ ಇನ್ನೊಂದು ಗಿಡದ ಹೂವಿನ ಪರಾಗವನ್ನು ಅದಕ್ಕೆ ಸವರಿದಳು. ಹೂವಿಗೆ ಅನುಮಾನ ಬಾರದಿರಲೆಂದು ನಾನು ತುಟಿಯಲ್ಲಿ ರೆಕ್ಕೆಯ ಸದ್ದು ಮಾಡಿದೆ.

ಹುಬ್ಬಳ್ಳಿ ಮಾತು ಬಿಡದ ಅಪ್ಪ ಕಾಫಿ ಹಿಡಿದು ಹೊರಗೆ ಬಂದರು. "ಏನ್ ನಡಸೀರಿ ಇಬ್ಬರೂ?"

"ಹೂವಿಗೆ ಮೋಸ ಮಾಡ್ತಿದೀವಿ," ಎಂದಳು ಅಕ್ಕ. ಅಪ್ಪ ಕಾಫಿ ಆರುವವರೆಗೂ ಅಲ್ಲೇ ನಿಂತು ನೋಡಿದರು.

ಸಂಜೆ ಹೂವು ಉದುರಿತು. ನಾನು ಅತ್ತೆ. ಆದರೆ ಅದರ ಬುಡ ಉದುರಲಿಲ್ಲ. ವಾರಗಳು ಕಳೆದ ಮೇಲೆ ಅಲ್ಲೊಂದು ಕಾಯಿ ದಪ್ಪವಾಗಿ, ನೀಲಿಗೆ ತಿರುಗಿತು. "ಒಂದೇ ಕಾಯಿಂದ ಏನೂ ಪ್ರೂವ್ ಆಗಲ್ಲ," ಎನ್ನುತ್ತಲೇ ಅಕ್ಕ ನನ್ನನ್ನು ಎತ್ತಿಕೊಂಡು ಹಿತ್ತಲೆಲ್ಲ ಸುತ್ತಿದಳು.

ಮಕ್ಕಳೇ, ನೀವು ಕೂತಲ್ಲೇ ಎಷ್ಟೋ ಕಾಡು ನೋಡುತ್ತೀರಿ, ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಉತ್ತರ ಪಡೆಯುತ್ತೀರಿ. ನಾವು ಹೂವನ್ನೇ ಕೇಳಬೇಕಿತ್ತು, ಅದು ಹೇಳುವವರೆಗೂ ಕಾಯಬೇಕಿತ್ತು. ನಿನ್ನೆ ನೀವು, "ಹೂವಿಗೆ ಕಣ್ಣಿಲ್ಲ, ಬಂದದ್ದು ಯಾವ ಹಕ್ಕಿ ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ ತಾತ?" ಎಂದಿರಿ. ಅಂದು ನಾನೂ ಅಕ್ಕನನ್ನು ಇದನ್ನೇ ಕೇಳಿದ್ದೆ. ಅಷ್ಟೆಲ್ಲ ಓದಿದ್ದ ಅಕ್ಕ, "ಜೇನು ತಳದವರೆಗೂ ಖಾಲಿಯಾದ್ರೆ ಗೊತ್ತಾಗತ್ತೇನೋ, ಮುಂದಿನ ವರ್ಷ ಹೂವನ್ನೇ ಕೇಳೋಣ," ಎಂದು ನಳಿಕೆಯನ್ನು ನನ್ನ ಕೈಗಿಟ್ಟಿದ್ದಳು.